ಮಾನವ ಶರೀರದಲ್ಲಿ ಶರ್ಕರದ ನಿರಂತರ ಮಾಪನ: ಅಲ್ಪಶಕ್ತಿಯ ನಿಸ್ತಂತು ಉಪಕರಣಗಳ ವಿಚಾರ

೧. ಪೀಠಿಕೆ

ಅಳೆಯಬೇಕಾದ ವಸ್ತು ಒಂದೇ ಸ್ಥಿತಿಯಲ್ಲಿದ್ದರೆ ಅಳತೆಯ ಕೆಲಸ ಸುಲಭ. ಬೇಸಗೆಯ ಕೆರೆಯ ಮಟ್ಟವನ್ನು ವಾರಕ್ಕೊಮ್ಮೆ ನೋಡಿದರೂ ಸಾಕು. ಮಳೆಗಾಲದ ಹೊಳೆಯನ್ನು ವಾರಕ್ಕೊಮ್ಮೆ ನೋಡಿ ದಡದ ಊರನ್ನು ಕಾಯುವುದಾಗದು. ಮನುಷ್ಯನ ರಕ್ತದಲ್ಲಿ ಹರಿಯುವ ಗ್ಲೂಕೋಸ್ ಅಥವಾ ದ್ರಾಕ್ಷಾಶರ್ಕರವು ಈ ಎರಡನೆಯ ಜಾತಿಗೆ ಸೇರಿದುದು. ಆರೋಗ್ಯವಂತನ ರಕ್ತದಲ್ಲಿ, ಉಪವಾಸದ ವೇಳೆಯಲ್ಲಿ, ಒಂದು ಡೆಸಿಲೀಟರಿಗೆ ಸುಮಾರು ೭೦ರಿಂದ ೧೦೦ ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ಊಟವಾದ ಮೇಲೆ ಅದು ಏರುತ್ತದೆ. ಮೇದೋಜೀರಕ ಗ್ರಂಥಿಯಿಂದ ಸ್ರವಿಸುವ ಇನ್ಸುಲಿನ್ ಅದನ್ನು ಮತ್ತೆ ಇಳಿಸುತ್ತದೆ. ಮಧುಮೇಹಿಯಲ್ಲಿ ಈ ಹತೋಟಿ ತಪ್ಪುತ್ತದೆ.

ಶರ್ಕರವು ಏರಿದುದರಿಂದ ಆಗುವ ಹಾನಿ ನಿಧಾನವಾದುದು. ಕಣ್ಣು, ಮೂತ್ರಪಿಂಡ, ನರ, ರಕ್ತನಾಳ ಇವುಗಳನ್ನು ಅದು ವರ್ಷಗಟ್ಟಲೆ ಕಾಲದಲ್ಲಿ ಕೆಡಿಸುತ್ತದೆ. ಇಳಿದುದರಿಂದ ಬರುವ ಅಪಾಯವಾದರೋ ಆ ಕ್ಷಣದ್ದು. ಇನ್ಸುಲಿನ್ ಚುಚ್ಚಿಸಿಕೊಂಡ ರೋಗಿ ಉಣ್ಣುವುದು ತಡವಾದರೆ, ಅಥವಾ ಎಂದಿಗಿಂತ ಹೆಚ್ಚು ದುಡಿದರೆ, ಅವನ ರಕ್ತದ ಶರ್ಕರ ೭೦ ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಅದು ೫೪ನ್ನೂ ದಾಟಿ ಇಳಿದಾಗ ಮಿದುಳಿಗೆ ಆಹಾರ ಸಾಲದಾಗಿ ಬೆವರು, ನಡುಕ, ಬುದ್ಧಿಯ ಮಂಕು, ಕೊನೆಗೆ ಪ್ರಜ್ಞಾಹೀನತೆ ಉಂಟಾಗುವುದುಂಟು. ನಡುರಾತ್ರಿ ನಿದ್ರೆಯಲ್ಲಿ ಹೀಗಾದರೆ ರೋಗಿಗೂ ತಿಳಿಯದು, ಪಕ್ಕದಲ್ಲಿ ಮಲಗಿದವರಿಗೂ ತಿಳಿಯದು. ಶರ್ಕರವನ್ನು ನಿರಂತರವಾಗಿ ಅಳೆಯಬೇಕೆಂಬ ಪ್ರಯತ್ನಕ್ಕೆ ಮೂಲಪ್ರೇರಣೆ ಈ ರಾತ್ರಿಯ ಭಯವೇ ಎಂದರೆ ತಪ್ಪಾಗಲಾರದು.

ಹಿಂದೆ ಈ ಕೆಲಸಕ್ಕೆ ಮೂತ್ರಪರೀಕ್ಷೆಯೊಂದೇ ಸಾಧನವಾಗಿತ್ತು. ತಾಮ್ರದ ಲವಣವಿರುವ ಬೆನೆಡಿಕ್ಟ್ ದ್ರಾವಣಕ್ಕೆ ಮೂತ್ರದ ಕೆಲವು ಹನಿಗಳನ್ನು ಸೇರಿಸಿ ಕುದಿಸಿದರೆ, ಅದರ ನೀಲಿ ಬಣ್ಣವು ಶರ್ಕರದ ಪ್ರಮಾಣಕ್ಕೆ ಅನುಗುಣವಾಗಿ ಹಸಿರು, ಹಳದಿ, ಇಟ್ಟಿಗೆಯ ಕೆಂಪು ಎಂದು ಬದಲಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಈ ಪರೀಕ್ಷೆಯನ್ನು ಮಾಡದ ವಿದ್ಯಾರ್ಥಿಗಳು ವಿರಳ. ಆದರೆ ಅದು ತಿಳಿಸುವುದು ಕಳೆದುಹೋದ ಕೆಲವು ಗಂಟೆಗಳ ಸಮಾಚಾರವನ್ನು. ರಕ್ತದ ಶರ್ಕರ ತೀರ ಕಡಮೆಯಾದುದನ್ನು ಅದು ತಿಳಿಸಲಾರದು. ಬೆರಳನ್ನು ಚುಚ್ಚಿ ಒಂದು ಹನಿ ರಕ್ತವನ್ನು ಪರೀಕ್ಷಿಸುವ ಕ್ರಮ ಬಂದಮೇಲೆ ಆ ಕ್ಷಣದ ಬೆಲೆ ತಿಳಿಯುವಂತಾಯಿತು. ಆದರೂ ಶರ್ಕರ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಒಂದು ಹನಿ ರಕ್ತ ಹೇಳಲಾರದು.

ಚರ್ಮದ ಕೆಳಗೆ ಸಣ್ಣ ಉಪಕರಣವೊಂದನ್ನು ಹುದುಗಿಸಿ, ಅದು ಐದು ನಿಮಿಷಕ್ಕೊಮ್ಮೆ ಶರ್ಕರವನ್ನು ಅಳೆದು ತಂತಿಯ ಸಹಾಯವಿಲ್ಲದೆ ಹೊರಗೆ ತಿಳಿಸುವಂತೆ ಮಾಡುವುದು ಈ ಹಾದಿಯಲ್ಲಿ ಮುಂದಿನ ಹೆಜ್ಜೆ. ಇಂಥ ಉಪಕರಣಕ್ಕೆ ‘ಇಂಪ್ಲಾಂಟ್’ ಎಂಬ ಹೆಸರು ರೂಢಿಗೆ ಬಂದಿದೆ. ರಾಸಾಯನಿಕ ಪದಾರ್ಥದ ಪ್ರಮಾಣವನ್ನು ವಿದ್ಯುತ್ತಾಗಿ ಅಥವಾ ಬೆಳಕಾಗಿ ಮಾರ್ಪಡಿಸುವುದು ಹೇಗೆ? ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ? ಸಂದೇಶ ಹೊರಬರುವ ಬಗೆ ಯಾವುದು? ಶರೀರವು ಈ ಅತಿಥಿಯನ್ನು ಹೇಗೆ ಕಾಣುತ್ತದೆ? ಈ ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಶಕ್ತಿಯ ಮಿತವ್ಯಯವನ್ನು ವಿಜ್ಞಾನಿಗಳು ಬಹುಮಟ್ಟಿಗೆ ಸಾಧಿಸಿದ್ದಾರೆಂದೂ, ಅಳತೆಯ ವಿಶ್ವಾಸಾರ್ಹತೆಯೇ ಈಗ ಉಳಿದಿರುವ ಕಠಿನವಾದ ಸಮಸ್ಯೆಯೆಂದೂ ಈ ವಿವೇಚನೆಯಿಂದ ಕಂಡುಬರುವುದು.

೨. ಶರ್ಕರದಿಂದ ವಿದ್ಯುತ್ತು

ಈ ಶಾಸ್ತ್ರದ ಆರಂಭವನ್ನು ೧೯೬೨ರಲ್ಲಿ ಗುರುತಿಸುವುದು ವಾಡಿಕೆ. ರಕ್ತದಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ ವಿದ್ಯುದ್ವಾರವನ್ನು ಅದಕ್ಕೆ ಮೊದಲೇ ನಿರ್ಮಿಸಿದ್ದ ಅಮೆರಿಕದ ಲೀಲೆಂಡ್ ಕ್ಲಾರ್ಕ್, ಆ ವರ್ಷ ಚಾಂಪ್ ಲಯನ್ಸ್ ಎಂಬ ಶಸ್ತ್ರವೈದ್ಯರೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿದನು. ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ರೋಗಿಯ ರಕ್ತವನ್ನು ಎಡೆಬಿಡದೆ ಪರೀಕ್ಷಿಸುವ ಉಪಾಯಗಳು ಅದರ ವಿಷಯ. ವಿದ್ಯುದ್ವಾರದ ತುದಿಗೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಪೊರೆಯ ಹಿಂದೆ ಬಂಧಿಸಿಟ್ಟರೆ ಅದರಿಂದ ಶರ್ಕರವನ್ನೂ ಅಳೆಯಬಹುದೆಂಬುದು ಅದರಲ್ಲಿದ್ದ ಹೊಸ ವಿಚಾರ. ೧೯೬೭ರಲ್ಲಿ ಅಪ್‌ಡೈಕ್ ಮತ್ತು ಹಿಕ್ಸ್ ಎಂಬವರು ಆ ಕಿಣ್ವವನ್ನು ಲೋಳೆಯಂಥ ಜೆಲ್ಲಿನಲ್ಲಿ ಹಿಡಿದಿಟ್ಟು ವಿದ್ಯುದ್ವಾರಕ್ಕೆ ಲೇಪಿಸಿ ತೋರಿಸಿದರು.

ಇದರ ಕಾರ್ಯವಿಧಾನ ಹೀಗಿದೆ. ಕಿಣ್ವದ ಸನ್ನಿಧಿಯಲ್ಲಿ ಗ್ಲೂಕೋಸ್ ಆಮ್ಲಜನಕದೊಡನೆ ವರ್ತಿಸಿ ಗ್ಲುಕೋನಿಕ್ ಆಮ್ಲವಾಗುತ್ತದೆ. ಜೊತೆಗೆ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪ್ಲಾಟಿನಂ ವಿದ್ಯುದ್ವಾರವನ್ನು ಸುಮಾರು ೦.೬ ವೋಲ್ಟ್ ಧನವಿಭವದಲ್ಲಿ ಇಟ್ಟರೆ ಪೆರಾಕ್ಸೈಡಿನ ಪ್ರತಿಯೊಂದು ಅಣುವೂ ಅದಕ್ಕೆ ಎರಡು ಎಲೆಕ್ಟ್ರಾನುಗಳನ್ನು ಒಪ್ಪಿಸುತ್ತದೆ. ಹೀಗೆ ಹರಿಯುವ ವಿದ್ಯುತ್ಪ್ರವಾಹದಿಂದ ಶರ್ಕರದ ಪ್ರಮಾಣವನ್ನು ಅರಿಯಬಹುದು. ಚರ್ಮದ ಕೆಳಗಿಡುವಷ್ಟು ಚಿಕ್ಕದಾದ ವಿದ್ಯುದ್ವಾರದಲ್ಲಿ ಈ ಪ್ರವಾಹ ಕೆಲವೇ ನ್ಯಾನೊಆಂಪಿಯರ್, ಎಂದರೆ ಆಂಪಿಯರಿನ ನೂರು ಕೋಟಿಯ ಕೆಲವೇ ಪಾಲು.

ತತ್ತ್ವ ಸರಳವಾದರೂ ಶರೀರದೊಳಗೆ ಅದಕ್ಕೊಂದು ತೊಡಕು ಒದಗುತ್ತದೆ. ಈ ಕ್ರಿಯೆಗೆ ಗ್ಲೂಕೋಸ್ ಎಷ್ಟು ಅಗತ್ಯವೋ ಆಮ್ಲಜನಕವೂ ಅಷ್ಟೇ ಅಗತ್ಯ. ಡೆಸಿಲೀಟರಿಗೆ ೯೦ ಮಿಲಿಗ್ರಾಂ ಎಂದರೆ ಲೀಟರಿಗೆ ೫ ಮಿಲಿಮೋಲ್ ಗ್ಲೂಕೋಸ್ ಆಯಿತು. ಅದೇ ಅಂಗಾಂಶದಲ್ಲಿ ಕರಗಿರುವ ಆಮ್ಲಜನಕವು ಅದರ ನೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ನೂರು ಮಂದಿ ಅತಿಥಿಗಳಿಗೆ ಒಂದೇ ಎಲೆ ಹಾಕಿದಂತೆ! ಇಂತಿರಲು ಉಪಕರಣವು ಶರ್ಕರವನ್ನು ಅಳೆಯುವುದಕ್ಕೆ ಬದಲಾಗಿ ಆಮ್ಲಜನಕದ ಅಭಾವವನ್ನೇ ಅಳೆಯುವಂತಾದೀತು. ಇದಕ್ಕೆ ಪರಿಹಾರವಾಗಿ ಹೊರಗಡೆ ಇನ್ನೊಂದು ಪೊರೆಯನ್ನು ಹೊದಿಸುತ್ತಾರೆ. ಆ ಪೊರೆ ಆಮ್ಲಜನಕವನ್ನು ಧಾರಾಳವಾಗಿ ಬಿಟ್ಟು ಗ್ಲೂಕೋಸನ್ನು ತಡೆತಡೆದು ಬಿಡುತ್ತದೆ.

೩. ಶಕ್ತಿಯ ಲೆಕ್ಕ

ಹುದುಗಿಸಿದ ಉಪಕರಣಕ್ಕೆ ‘ಅಲ್ಪಶಕ್ತಿ’ ಎಂಬ ವಿಶೇಷಣವನ್ನು ಸೇರಿಸುವುದೇಕೆ? ಸಣ್ಣದೊಂದು ಗಣಿತದಿಂದ ಇದು ಸ್ಪಷ್ಟವಾಗುತ್ತದೆ. ಒಂದು ಅತಿ ಚಿಕ್ಕ ಬಿಲ್ಲೆಯಾಕಾರದ ಬ್ಯಾಟರಿಯನ್ನು ತೆಗೆದುಕೊಳ್ಳೋಣ. ಅದರ ವಿಭವ ೧.೫೫ ವೋಲ್ಟ್, ಧಾರಣಶಕ್ತಿ ೫ ಮಿಲಿಆಂಪಿಯರ್-ಗಂಟೆ ಎಂದಿಟ್ಟುಕೊಂಡರೆ, ಅದರಲ್ಲಿ ಅಡಗಿರುವ ಶಕ್ತಿ ಸುಮಾರು ೨೮ ಜೂಲ್. ಒಂದು ವರ್ಷಕ್ಕೆ ಸುಮಾರು ೩ ಕೋಟಿ ೧೫ ಲಕ್ಷ ಸೆಕೆಂಡುಗಳು. ಉಪಕರಣವು ಸರಾಸರಿ ಒಂದೇ ಮೈಕ್ರೋವ್ಯಾಟ್, ಎಂದರೆ ವ್ಯಾಟಿನ ಹತ್ತು ಲಕ್ಷದಲ್ಲೊಂದು ಪಾಲು, ವೆಚ್ಚಮಾಡಿದರೂ ವರ್ಷಕ್ಕೆ ೩೧.೫ ಜೂಲ್ ಬೇಕು. ಅಷ್ಟರಿಂದಲೇ ಈ ಬ್ಯಾಟರಿ ಹನ್ನೊಂದನೆಯ ತಿಂಗಳು ಮುಗಿಯುವುದರೊಳಗೆ ಬರಿದಾಗುತ್ತದೆ. ದೊಡ್ಡ ಬ್ಯಾಟರಿಯನ್ನು ಇಡೋಣವೆಂದರೆ ಚರ್ಮದ ಕೆಳಗೆ ಸ್ಥಳವಿಲ್ಲ. ಬರಿದಾದುದನ್ನು ಬದಲಿಸಬೇಕಾದರೆ ಮತ್ತೆ ಕತ್ತಿಯಾಡಿಸಬೇಕು.

ಈ ಶಕ್ತಿ ಯಾವ ಯಾವ ಬಾಬಿಗೆ ಸಲ್ಲುತ್ತದೆ ಎಂಬುದನ್ನು ನೋಡಿದರೆ ಸ್ವಲ್ಪ ಆಶ್ಚರ್ಯವೇ ಆಗುತ್ತದೆ. ರಾಸಾಯನಿಕ ಕ್ರಿಯೆ ಕೇಳುವುದು ಬಹು ಕಡಮೆ: ೧೦ ನ್ಯಾನೊಆಂಪಿಯರ್ ಪ್ರವಾಹ, ೦.೬ ವೋಲ್ಟ್ ವಿಭವ. ಇವುಗಳ ಗುಣಲಬ್ಧ ೬ ನ್ಯಾನೊವ್ಯಾಟ್ ಮಾತ್ರ. ರೇಡಿಯೊ ಪ್ರೇಷಕವು ದೊಡ್ಡ ಖರ್ಚಿನದೆಂದು ಮೇಲ್ನೋಟಕ್ಕೆ ತೋರುತ್ತದೆ. ಅದು ೫ ಮಿಲಿವ್ಯಾಟ್ ಬಳಸುತ್ತದೆಂದು ಭಾವಿಸಿದರೆ, ಸದಾ ತೆರೆದಿಟ್ಟಲ್ಲಿ ಮೇಲೆ ಹೇಳಿದ ಬ್ಯಾಟರಿ ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ಆದರೆ ಅದು ಸದಾ ಮಾತನಾಡಬೇಕಾದ ಅಗತ್ಯವಿಲ್ಲ. ಐದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ ೨೮೮ ಅಳತೆಗಳು. ಆ ದಿನದ ಅಳತೆಗಳೆಲ್ಲ ಸೇರಿದರೂ ಕಂಪ್ಯೂಟರಿನಲ್ಲಿ ಮೂರು ನಾಲ್ಕು ಸಾಲು ಕನ್ನಡವನ್ನು ಬರೆದಿಡಲು ಬೇಕಾಗುವಷ್ಟು ಜಾಗ ಸಾಕು. ಒಂದೊಂದು ಅಳತೆಯನ್ನು ಹೇಳಲು ಪ್ರೇಷಕಕ್ಕೆ ೫ ಮಿಲಿಸೆಕೆಂಡು ಹಿಡಿದರೆ, ಐದು ನಿಮಿಷಗಳ ಮೇಲೆ ಹಂಚಿದಾಗ ಅದರ ಸರಾಸರಿ ವೆಚ್ಚ ಮೈಕ್ರೋವ್ಯಾಟಿನ ಹನ್ನೆರಡರಲ್ಲೊಂದು ಪಾಲಿಗೆ ಇಳಿಯುತ್ತದೆ.

ಹಾಗಾದರೆ ಶಕ್ತಿ ಸೋರುವುದೆಲ್ಲಿ? ನಿದ್ರೆಯಲ್ಲಿ! ಎರಡು ಅಳತೆಗಳ ನಡುವಣ ಕಾಲದಲ್ಲಿ ಗಡಿಯಾರದ ಮಂಡಲ ಎಚ್ಚತ್ತಿರಬೇಕು; ವಿದ್ಯುದ್ವಾರದ ವಿಭವವನ್ನು ಕಾಯ್ದಿಡುವ ಮಂಡಲವೂ ಎಚ್ಚತ್ತಿರಬೇಕು. ವಿಭವವನ್ನು ಪ್ರತಿಸಲವೂ ಆರಿಸಿ ಹೊತ್ತಿಸಿದರೆ ಪ್ರವಾಹ ನೆಲೆಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಇವೆಲ್ಲ ಸೇರಿ ೧೦೦ ನ್ಯಾನೊಆಂಪಿಯರ್ ಎಳೆದರೂ ೦.೧೫ ಮೈಕ್ರೋವ್ಯಾಟ್ ಆಯಿತು; ಇದು ರೇಡಿಯೊದ ಸರಾಸರಿ ವೆಚ್ಚಕ್ಕಿಂತ ಹೆಚ್ಚು. ಮದುವೆಯ ಊಟಕ್ಕಿಂತ ವರ್ಷವಿಡೀ ನಡೆಯುವ ಮನೆಯೊಲೆಯ ಖರ್ಚೇ ದೊಡ್ಡದೆಂಬ ಗೃಹಸ್ಥನ ಅನುಭವ ಇಲ್ಲಿಯೂ ನಿಜ. ಆದುದರಿಂದ ಈ ಉಪಕರಣಗಳನ್ನು ರಚಿಸುವವರು ಸಂದೇಶದ ಕ್ಷಣವನ್ನು ಎಷ್ಟು ಎಚ್ಚರಿಕೆಯಿಂದ ನೋಡುತ್ತಾರೋ ಮೌನದ ಕಾಲವನ್ನೂ ಅಷ್ಟೇ ಎಚ್ಚರಿಕೆಯಿಂದ ನೋಡಬೇಕಾಗಿದೆ.

ಮಿತವ್ಯಯಕ್ಕೆ ಇನ್ನೊಂದು ಕಾರಣವೂ ಉಂಟು. ವೆಚ್ಚವಾದ ಶಕ್ತಿಯೆಲ್ಲ ಕೊನೆಗೆ ಶಾಖವಾಗುವುದು. ಹುದುಗಿಸಿದ ಉಪಕರಣದ ಹೊರಮೈ ಶರೀರದ ಸಹಜ ಉಷ್ಣತೆಗಿಂತ ೨ ಡಿಗ್ರಿ ಸೆಲ್ಸಿಯಸಿಗೆ ಮೀರಿ ಬಿಸಿಯಾಗಬಾರದೆಂದು ಅಂತರರಾಷ್ಟ್ರೀಯ ಮಾನಕಗಳು ಸಾಮಾನ್ಯವಾಗಿ ವಿಧಿಸುತ್ತವೆ.

೪. ಸಂದೇಶ ಹೊರಬರುವ ಬಗೆ

ಶರೀರದೊಳಗಿನಿಂದ ರೇಡಿಯೊ ಮೂಲಕ ಸುದ್ದಿ ತರಿಸುವ ಆಲೋಚನೆ ಹೊಸದಲ್ಲ. ೧೯೫೭ರಲ್ಲಿ ಮಕೇ ಮತ್ತು ಯಾಕಬ್‌ಸನ್ ಎಂಬ ವಿಜ್ಞಾನಿಗಳು ನುಂಗಬಹುದಾದ ‘ರೇಡಿಯೊ ಗುಳಿಗೆ’ಯೊಂದನ್ನು ವರ್ಣಿಸಿದರು, ಕರುಳಿನೊಳಗಣ ಒತ್ತಡ ಮತ್ತು ಉಷ್ಣತೆಗಳನ್ನು ಅದು ಹೊರಗೆ ತಿಳಿಸುತ್ತಿತ್ತು. ೧೯೫೮ರ ಅಕ್ಟೋಬರಿನಲ್ಲಿ ಸ್ವೀಡನ್ ದೇಶದ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ರಚಿಸಿದ ಹೃದಯಗತಿ ನಿಯಂತ್ರಕವನ್ನು ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯನು ಆರ್ನೆ ಲಾರ್ಸನ್ ಎಂಬ ರೋಗಿಯ ಶರೀರದಲ್ಲಿ ಹುದುಗಿಸಿದನು. ಅದರ ಬ್ಯಾಟರಿಗೆ ಹೊರಗಿನ ಸುರುಳಿಯೊಂದರಿಂದ ವಿದ್ಯುತ್ತನ್ನು ತುಂಬುವ ಏರ್ಪಾಡಿತ್ತು. ಆ ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ರೋಗಿ ಮಾತ್ರ ಮುಂದೆ ಬಂದ ಹಲವು ಯಂತ್ರಗಳ ನೆರವಿನಿಂದ ೨೦೦೧ರವರೆಗೆ ಬದುಕಿದನು. ಶರ್ಕರಮಾಪಕಗಳು ಅನುಸರಿಸಿದ ಎರಡು ಹಾದಿಗಳೂ, ಎಂದರೆ ಒಳಗಿನಿಂದ ತರಂಗವನ್ನು ಕಳುಹಿಸುವುದು ಮತ್ತು ಹೊರಗಿನಿಂದ ಶಕ್ತಿಯನ್ನು ಒದಗಿಸುವುದು, ಆ ಎರಡು ವರ್ಷಗಳಲ್ಲಿಯೇ ಗೋಚರವಾಗಿದ್ದುವೆಂಬುದು ಗಮನಾರ್ಹ.

ಮೊದಲ ಹಾದಿಯಲ್ಲಿ ಉಪಕರಣವೇ ರೇಡಿಯೊ ತರಂಗವನ್ನು ಹೊರಡಿಸುತ್ತದೆ. ಇದಕ್ಕಾಗಿ ೪೦೨ರಿಂದ ೪೦೫ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಅಮೆರಿಕದಲ್ಲಿ ೧೯೯೯ರಲ್ಲಿ ಮೀಸಲಾಗಿಟ್ಟರು. ಹೊರಬೀಳುವ ಸಾಮರ್ಥ್ಯ ೨೫ ಮೈಕ್ರೋವ್ಯಾಟನ್ನು ಮೀರಬಾರದೆಂಬುದು ನಿಯಮ. ೧ ವ್ಯಾಟಿನ ಪುಟ್ಟ ದೀಪದ ನಲವತ್ತು ಸಾವಿರದಲ್ಲೊಂದು ಪಾಲು ಇದು. ಮಾಂಸ, ಚರ್ಮಗಳಲ್ಲಿರುವ ಉಪ್ಪುನೀರು ರೇಡಿಯೊ ತರಂಗಗಳನ್ನು ಹೀರಿಕೊಳ್ಳುತ್ತದೆ. ಆವೃತ್ತಿ ಹೆಚ್ಚಿದಂತೆ ಈ ನಷ್ಟವೂ ಹೆಚ್ಚುತ್ತದೆ. ಆವೃತ್ತಿ ತೀರ ಕಡಮೆಯಾದರೆ ತರಂಗಾಂತರವು ದೊಡ್ಡದಾಗಿ, ಅದಕ್ಕೆ ತಕ್ಕ ಆಂಟೆನಾ ಒಳಗೆ ಹಿಡಿಸುವುದಿಲ್ಲ. ಇವೆರಡರ ನಡುವಣ ಒಪ್ಪಂದವೇ ಮೇಲೆ ಹೇಳಿದ ಪಟ್ಟಿ.

ಎರಡನೆಯ ಹಾದಿಯಲ್ಲಿ ಉಪಕರಣಕ್ಕೆ ಸ್ವಂತ ಬ್ಯಾಟರಿಯೇ ಇಲ್ಲ. ಚರ್ಮದ ಮೇಲಿರುವ ಸುರುಳಿಯಲ್ಲಿ ೧೩.೫೬ ಮೆಗಾಹರ್ಟ್ಸ್ ಆವೃತ್ತಿಯ ಪ್ರವಾಹ ಹರಿದಾಗ, ಕೆಳಗಿರುವ ಚಿಕ್ಕ ಸುರುಳಿಯಲ್ಲಿ ಕಾಂತಕ್ಷೇತ್ರದ ಪ್ರೇರಣೆಯಿಂದ ವಿದ್ಯುತ್ತು ಹುಟ್ಟುತ್ತದೆ. ಇದು ಫ್ಯಾರಡೆಯ ಕಾಲದಿಂದ ತಿಳಿದಿರುವ ಪರಿವರ್ತಕದ ತತ್ತ್ವವೇ. ಎರಡು ಸುರುಳಿಗಳ ನಡುವೆ ಕಬ್ಬಿಣದ ಬದಲು ಚರ್ಮವಿದೆ, ಅಷ್ಟೆ. ದೂರವು ಸುರುಳಿಯ ಅಳತೆಯನ್ನು ಮೀರಿತೆಂದರೆ ಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಕ್ಷೇತ್ರ ಎಂಟರಲ್ಲೊಂದು ಪಾಲಾಗುತ್ತದೆ. ಆದಕಾರಣ ಹೊರಗಿನ ಸುರುಳಿ ಒಳಗಿನದಕ್ಕೆ ಸರಿಯಾಗಿ ಮೇಲೆಯೇ ಕುಳಿತಿರಬೇಕು.

ಸ್ವಂತ ಪ್ರೇಷಕವಿಲ್ಲದ ಉಪಕರಣವು ಮಾತನಾಡುವುದು ಹೇಗೆಂದು ವಾಚಕರು ಕೇಳಬಹುದು. ಬಾವಿಯಿಂದ ನೀರು ಸೇದುವವರನ್ನು ನೆನೆಯೋಣ. ಕೊಡ ಕಣ್ಣಿಗೆ ಕಾಣದಿದ್ದರೂ, ಅದು ನೀರನ್ನು ಮುಟ್ಟಿತೋ ತುಂಬಿತೋ ಎಂಬುದು ಹಗ್ಗದ ಎಳೆತದಿಂದ ಮೇಲಿನ ಕೈಗೆ ತಿಳಿಯುತ್ತದೆ. ಹಾಗೆಯೇ ಒಳಗಿನ ಉಪಕರಣವು ತನ್ನ ಸುರುಳಿಯ ಮೇಲಿನ ವಿದ್ಯುದ್ಭಾರವನ್ನು ಒಂದು ಸಂಕೇತಕ್ರಮದಲ್ಲಿ ಹೆಚ್ಚಿಸಿ ತಗ್ಗಿಸುತ್ತದೆ. ಹೊರಗಿನ ಸುರುಳಿಗೆ ಈ ಎಳೆತದ ವ್ಯತ್ಯಾಸ ಅರಿವಾಗುತ್ತದೆ. ಅಳತೆಯ ಅಂಕಿಗಳನ್ನು ಆ ವ್ಯತ್ಯಾಸದಿಂದ ಓದಿಕೊಳ್ಳಬಹುದು. ಸಂದೇಶವನ್ನು ಕಳುಹಿಸಲು ಉಪಕರಣವು ತರಂಗವನ್ನು ತಾನೇ ಸೃಷ್ಟಿಸಬೇಕಾಗಿಲ್ಲ. ಈ ಉಪಾಯದ ಸೊಗಸು ಇರುವುದು ಅಲ್ಲಿಯೇ.

೫. ಬ್ಯಾಟರಿಯಿಲ್ಲದ ಒಂದು ಮಾಪಕ

ಈ ಎರಡನೆಯ ಹಾದಿಗೆ ‘ಎವರ್‌ಸೆನ್ಸ್’ ಎಂಬ ಉಪಕರಣವು ಒಳ್ಳೆಯ ಉದಾಹರಣೆ. ಇದನ್ನು ಅಮೆರಿಕದ ಸೆನ್ಸಿಯಾನಿಕ್ಸ್ ಸಂಸ್ಥೆ ರಚಿಸಿದೆ. ಐರೋಪ್ಯ ಸಮ್ಮತಿ ಇದಕ್ಕೆ ೨೦೧೬ರಲ್ಲಿ ದೊರೆಯಿತು. ಅಮೆರಿಕದಲ್ಲಿ ೨೦೧೮ರಲ್ಲಿ ೯೦ ದಿನಗಳ, ೨೦೨೨ರಲ್ಲಿ ೧೮೦ ದಿನಗಳ, ೨೦೨೪ರಲ್ಲಿ ಒಂದು ವರ್ಷದ ಬಳಕೆಗೆ ಅನುಮತಿ ಬಂದಿತು. ಸೂಜಿಯಂಥ ತುದಿಯನ್ನು ಚರ್ಮದೊಳಕ್ಕೆ ಚುಚ್ಚಿ ಹತ್ತು ಹದಿನೈದು ದಿನಗಳಿಗೊಮ್ಮೆ ಬದಲಾಯಿಸುವ ಮಾಪಕಗಳು ಹೆಚ್ಚು ಬಳಕೆಯಲ್ಲಿವೆ. ಆದರೆ ಅವು ಅರೆಭಾಗ ಹೊರಗಿರುವಂಥವು. ಎವರ್‌ಸೆನ್ಸ್ ಮಾಪಕವಾದರೋ ಪೂರ್ಣವಾಗಿ ಒಳಗಿರುವಂಥದು. ಉದ್ದ ೨ ಸೆಂಟಿಮೀಟರಿಗಿಂತ ಕಡಮೆ, ವ್ಯಾಸ ಸುಮಾರು ೩.೫ ಮಿಲಿಮೀಟರ್. ವೈದ್ಯರು ಮೇಲ್ದೋಳಿನ ಚರ್ಮವನ್ನು ಸ್ವಲ್ಪವೇ ಸೀಳಿ ಅದನ್ನು ಒಳಗಿಡುತ್ತಾರೆ.

ಇದರಲ್ಲಿ ಕಿಣ್ವವಿಲ್ಲ. ಮಾಪಕದ ಮೈಗೆ ಲೇಪಿಸಿದ ಜೆಲ್ಲಿನಲ್ಲಿ ಬೋರಾನಿಕ್ ಆಮ್ಲದ ಗುಂಪುಳ್ಳ ಸೂಚಕದ ಅಣುಗಳಿವೆ. ಒಳಗಿನ ಪುಟ್ಟ ದೀಪವು ನೀಲಲೋಹಿತಾತೀತ ಬೆಳಕನ್ನು ಬೀರಿದಾಗ, ಗ್ಲೂಕೋಸನ್ನು ಹಿಡಿದುಕೊಂಡಿರುವ ಸೂಚಕದ ಅಣು ಹೆಚ್ಚಾಗಿ ಮಿನುಗುತ್ತದೆ, ಹಿಡಿಯದಿರುವುದು ಮಂಕಾಗಿರುತ್ತದೆ. ಈ ಪ್ರತಿದೀಪ್ತಿಯ ತೀವ್ರತೆಯಿಂದ ಶರ್ಕರದ ಪ್ರಮಾಣವನ್ನು ಗಣಿಸುತ್ತಾರೆ. ಸೂಚಕವು ಗ್ಲೂಕೋಸನ್ನು ಹಿಡಿದು ಮತ್ತೆ ಬಿಡುವುದರಿಂದ ಗ್ಲೂಕೋಸೂ ವೆಚ್ಚವಾಗುವುದಿಲ್ಲ, ಆಮ್ಲಜನಕವೂ ಬೇಕಿಲ್ಲ. ಶಕ್ತಿಯ ದೃಷ್ಟಿಯಿಂದಲೂ ಇದು ಅನುಕೂಲ: ವಿದ್ಯುದ್ವಾರವನ್ನು ಸದಾ ಕಾಯಬೇಕಾಗಿತ್ತು, ಬೆಳಕನ್ನು ಐದು ನಿಮಿಷಕ್ಕೊಮ್ಮೆ ಕ್ಷಣಕಾಲ ಹೊತ್ತಿಸಿದರೆ ಸಾಕು. ಮಧ್ಯಕಾಲದಲ್ಲಿ ಮಾಪಕವು ಸಂಪೂರ್ಣ ನಿಶ್ಚೇಷ್ಟಿತವಾಗಿರಬಹುದು.

ಆದರೆ ಈ ಸೌಕರ್ಯಕ್ಕೂ ಬೆಲೆ ತೆರಬೇಕಾಗಿದೆ. ತೋಳಿನ ಮೇಲೆ ಅಂಟಿಸಿಕೊಂಡ ಪ್ರೇಷಕವೇ ಮಾಪಕಕ್ಕೆ ಅನ್ನದಾತ. ರೋಗಿ ಅದನ್ನು ವಿದ್ಯುತ್ತು ತುಂಬಲೆಂದು ತೆಗೆದಿಟ್ಟರೆ, ಅಥವಾ ನಿದ್ರೆಯಲ್ಲಿ ಅದು ಸರಿದುಹೋದರೆ, ಒಳಗಿನ ಮಾಪಕ ಕುರುಡೂ ಮೂಕವೂ ಆಗುತ್ತದೆ. ಆ ಅವಧಿಯ ಅಳತೆ ಮತ್ತೆಂದಿಗೂ ದೊರೆಯುವುದಿಲ್ಲ. ಶಕ್ತಿಯ ಹೊರೆಯನ್ನು ಯಂತ್ರದಿಂದ ಇಳಿಸಿದಾಗ ಅದು ಮಾಯವಾಗಲಿಲ್ಲ. ರೋಗಿಯ ದಿನಚರಿಯ ಮೇಲೆ ಬಂದು ಕುಳಿತಿತು. ‘ನಿರಂತರ’ ಎಂಬ ಶಬ್ದವನ್ನು ಇಲ್ಲಿ ಈ ಮಿತಿಯೊಡನೆಯೇ ಅರ್ಥಮಾಡಿಕೊಳ್ಳಬೇಕು.

೬. ಶರೀರದ ಪ್ರತಿಕ್ರಿಯೆ

ಶರೀರವು ತನ್ನದಲ್ಲದ ವಸ್ತುವನ್ನು ಸುಮ್ಮನೆ ಸಹಿಸುವುದಿಲ್ಲ. ಹುದುಗಿಸಿದ ಕೆಲವೇ ನಿಮಿಷಗಳಲ್ಲಿ ರಕ್ತದ ಪ್ರೋಟೀನುಗಳು ಉಪಕರಣದ ಮೈಗೆ ಅಂಟಿಕೊಳ್ಳುತ್ತವೆ. ಕೆಲವು ದಿನಗಳಲ್ಲಿ ಭಕ್ಷಕಕೋಶಗಳು ಬಂದು ಮುತ್ತುತ್ತವೆ. ನುಂಗಲಾರದಷ್ಟು ದೊಡ್ಡ ವಸ್ತುವೆಂದು ಕಂಡಾಗ ಅವು ಪರಸ್ಪರ ಕೂಡಿ ಬೃಹತ್ಕೋಶಗಳಾಗುತ್ತವೆ. ವಾರಗಳು ಕಳೆದಂತೆ ಉಪಕರಣದ ಸುತ್ತ ನಾರಿನ ಹೊದಿಕೆಯೊಂದು ಬೆಳೆದು ಅದನ್ನು ಶರೀರದಿಂದ ಬೇರ್ಪಡಿಸುತ್ತದೆ. ಈ ಹೊದಿಕೆಯಲ್ಲಿ ರಕ್ತದ ಲೋಮನಾಳಗಳು ವಿರಳ. ಆದ್ದರಿಂದ ಗ್ಲೂಕೋಸ್ ಮಾಪಕವನ್ನು ತಲಪುವುದು ತಡವಾಗುತ್ತದೆ. ಸುತ್ತ ನೆರೆದ ಕೋಶಗಳು ದಾರಿಯಲ್ಲಿಯೇ ಅದರ ಒಂದು ಪಾಲನ್ನು ತಿಂದುಬಿಡುವುದೂ ಉಂಟು. ಬ್ಯಾಟರಿ ಸರಿಯಾಗಿದೆ, ಮಂಡಲ ಸರಿಯಾಗಿದೆ, ರೇಡಿಯೊ ಸರಿಯಾಗಿದೆ. ಆದರೂ ಮಾಪಕ ಹೇಳುವುದು ರೋಗಿಯ ಶರ್ಕರವನ್ನಲ್ಲ, ತನ್ನ ಸೆರೆಮನೆಯ ಶರ್ಕರವನ್ನು.

ಇದನ್ನು ತಡೆಯಲು ಹಲವು ಉಪಾಯಗಳನ್ನು ಹೂಡಿದ್ದಾರೆ. ಮೇಲೆ ವರ್ಣಿಸಿದ ಎವರ್‌ಸೆನ್ಸ್ ಮಾಪಕದ ಸುತ್ತ ಒಂದು ಸಿಲಿಕೋನ್ ಬಳೆಯುಂಟು. ಉರಿಯೂತವನ್ನು ಶಮನಮಾಡುವ ಡೆಕ್ಸಾಮೆಥಸೋನ್ ಎಂಬ ಔಷಧವು ಅದರಿಂದ ಸ್ವಲ್ಪಸ್ವಲ್ಪವಾಗಿ ಒಸರುತ್ತದೆ. ಸಣ್ಣ ರಂಧ್ರಗಳುಳ್ಳ ಪೊರೆಯನ್ನು ಹೊದಿಸಿ ಲೋಮನಾಳಗಳು ಅದರೊಳಕ್ಕೆ ಬೆಳೆಯುವಂತೆ ಮಾಡುವುದು ಇನ್ನೊಂದು ಉಪಾಯ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯೇಗೊ ಶಾಖೆಯ ಡೇವಿಡ್ ಗೌ ಮತ್ತು ಅವರ ಸಂಗಡಿಗರು ೨೦೧೦ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಂದಿಯೊಂದರಲ್ಲಿ ಹುದುಗಿಸಿದ ಮಾಪಕವು ೫೦೦ ದಿನಗಳಿಗೂ ಹೆಚ್ಚು ಕಾಲ ಕೆಲಸ ಮಾಡಿತು. ಅವರ ಉಪಕರಣವು ಆಮ್ಲಜನಕವನ್ನು ಎರಡು ಕಡೆಗಳಲ್ಲಿ, ಒಂದು ಕಡೆ ಕಿಣ್ವದೊಡನೆ, ಇನ್ನೊಂದು ಕಡೆ ಕಿಣ್ವವಿಲ್ಲದೆ, ಅಳೆದು ಆ ವ್ಯತ್ಯಾಸದಿಂದ ಶರ್ಕರವನ್ನು ನಿರ್ಣಯಿಸುತ್ತಿತ್ತು. ಆಮ್ಲಜನಕದ ಅಭಾವವೆಂಬ ದೋಷವನ್ನೇ ಇಲ್ಲಿ ಅಳತೆಯ ಸಾಧನವಾಗಿ ಮಾಡಿಕೊಂಡುದು ಜಾಣತನದ ಕೆಲಸ.

೭. ವಿಶ್ವಾಸದ ಪ್ರಶ್ನೆ

ಅಲ್ಪಶಕ್ತಿಯೊಂದರಿಂದಲೇ ಕಾರ್ಯಸಿದ್ಧಿಯಾಗುವುದಿಲ್ಲವೆಂಬುದಕ್ಕೆ ಇತ್ತೀಚಿನ ಇತಿಹಾಸದಲ್ಲಿ ಒಂದು ಸ್ಪಷ್ಟ ನಿದರ್ಶನವಿದೆ. ಕಣ್ಣೀರಿನಲ್ಲಿರುವ ಗ್ಲೂಕೋಸನ್ನು ಅಳೆಯುವ ಸ್ಪರ್ಶಮಸೂರವೊಂದಕ್ಕಾಗಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ರಚಿಸಿದ, ಕೇವಲ ೩ ಮೈಕ್ರೋವ್ಯಾಟಿನಲ್ಲಿ ನಡೆಯುವ ವಿದ್ಯುನ್ಮಂಡಲದ ವಿವರ ೨೦೧೨ರಲ್ಲಿ ಪ್ರಕಟವಾಯಿತು. ೨೦೧೪ರಲ್ಲಿ ಗೂಗಲ್ ಸಂಸ್ಥೆ ಇಂಥ ಮಸೂರದ ಯೋಜನೆಯನ್ನು ಘೋಷಿಸಿತು. ಮಂಡಲವು ಸೊಗಸಾದುದೇ, ಮಿತವ್ಯಯದ ಮೇಲ್ಪಂಕ್ತಿ ಎನ್ನಬಹುದು. ಆದರೆ ಕಣ್ಣೀರಿನ ಶರ್ಕರಕ್ಕೂ ರಕ್ತದ ಶರ್ಕರಕ್ಕೂ ಸ್ಥಿರವಾದ ಸಂಬಂಧ ಕಾಣಬರಲಿಲ್ಲ. ೨೦೧೮ರಲ್ಲಿ ಆ ಕೆಲಸವನ್ನು ನಿಲ್ಲಿಸಿದರು. ತಪ್ಪಾದ ದ್ರವವನ್ನು ಎಷ್ಟು ಅಗ್ಗವಾಗಿ ಅಳೆದರೂ ಪ್ರಯೋಜನವೇನು?

ಚರ್ಮದ ಕೆಳಗಿನ ಮಾಪಕಗಳೂ ರಕ್ತವನ್ನು ನೇರವಾಗಿ ಅಳೆಯುವುದಿಲ್ಲ. ಜೀವಕೋಶಗಳ ನಡುವಣ ದ್ರವವನ್ನು ಅಳೆಯುತ್ತವೆ. ರಕ್ತದ ಬದಲಾವಣೆ ಆ ದ್ರವಕ್ಕೆ ತಲಪಲು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಶರ್ಕರ ನಿಮಿಷಕ್ಕೆ ೨ ಮಿಲಿಗ್ರಾಮಿನಂತೆ ಇಳಿಯುತ್ತಿದ್ದರೆ, ಹತ್ತು ನಿಮಿಷಗಳ ವಿಳಂಬದಲ್ಲಿ ೨೦ ಮಿಲಿಗ್ರಾಂ ವ್ಯತ್ಯಾಸ ಬೀಳುತ್ತದೆ. ಮಾಪಕವು ೮೦ ಎಂದು ನೆಮ್ಮದಿಯ ಮಾತನ್ನಾಡುತ್ತಿರುವಾಗ ರಕ್ತದಲ್ಲಿ ಅದು ಆಗಲೇ ೬೦ಕ್ಕೆ ಇಳಿದಿರಬಹುದು. ಆದಕಾರಣ ಒಂದು ಅಂಕಿಯನ್ನು ಮಾತ್ರ ನೋಡದೆ ಅದರ ಇಳುವರಿಯ ವೇಗವನ್ನೂ ನೋಡಿ ಮುಂಚಿತವಾಗಿ ಎಚ್ಚರಿಸುವ ಗಣಿತ ಅಗತ್ಯವಾಗಿದೆ. ನಿರಂತರ ಮಾಪನದ ಬೆಲೆ ಇರುವುದು ಇಂಥಲ್ಲಿ: ಒಂದು ಬಿಂದುವಿಗೆ ವೇಗವಿಲ್ಲ, ರೇಖೆಗೆ ಮಾತ್ರ ಉಂಟು.

ನಿಖರತೆಯ ವಿಷಯದಲ್ಲಿ ಇಂದಿನ ಒಳ್ಳೆಯ ಮಾಪಕಗಳು ಪ್ರಯೋಗಶಾಲೆಯ ಬೆಲೆಗಿಂತ ಸರಾಸರಿ ಶೇಕಡಾ ೮, ೯ರಷ್ಟು ವ್ಯತ್ಯಾಸದೊಳಗೆ ಬಂದಿವೆ. ಆದರೆ ಇದು ಸರಾಸರಿ; ಎಲ್ಲ ಅಳತೆಗಳಿಗೂ ಅಭಯವಲ್ಲ. ಕೆಲವು ಔಷಧಗಳು ಅಳತೆಯನ್ನು ಕೆಡಿಸುವುದೂ ಉಂಟು. ಪೆರಾಕ್ಸೈಡನ್ನು ಅವಲಂಬಿಸಿದ ವಿದ್ಯುದ್ವಾರಗಳಲ್ಲಿ ಸಾಮಾನ್ಯ ಜ್ವರದ ಪ್ಯಾರಾಸಿಟಮಾಲ್ ಗುಳಿಗೆ ಹುಸಿ ಏರಿಕೆಯನ್ನು ತೋರಿಸಬಲ್ಲುದು. ಬೆಳಕಿನಿಂದ ಅಳೆಯುವ ಎವರ್‌ಸೆನ್ಸ್ ಮಾಪಕಕ್ಕೆ ಟೆಟ್ರಸೈಕ್ಲಿನ್ ಜಾತಿಯ ಔಷಧಗಳು ತೊಡಕಾಗುತ್ತವೆ. ಆದ್ದರಿಂದಲೇ ಮಾಪಕದ ಅಂಕಿಗೂ ಮೈಯ ಲಕ್ಷಣಗಳಿಗೂ ಹೊಂದಿಕೆಯಾಗದಿದ್ದಲ್ಲಿ ಬೆರಳು ಚುಚ್ಚಿ ರಕ್ತವನ್ನು ಪರೀಕ್ಷಿಸಬೇಕೆಂಬ ವಿಧಿ ಇಂದಿಗೂ ರದ್ದಾಗಿಲ್ಲ.

ರಹಸ್ಯರಕ್ಷಣೆಯ ಮಾತನ್ನೂ ಇಲ್ಲಿ ಸೇರಿಸಬೇಕು. ಹೃದಯದ ಒಂದು ಇಂಪ್ಲಾಂಟಿನ ನಿಸ್ತಂತು ಸಂದೇಶಗಳನ್ನು ಅನ್ಯರು ಓದಬಹುದೆಂದೂ ಅದಕ್ಕೆ ಆಜ್ಞೆ ಕೊಡಬಹುದೆಂದೂ ೨೦೦೮ರಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳ ಸಂಶೋಧಕರು ಪ್ರಯೋಗಶಾಲೆಯಲ್ಲಿ ತೋರಿಸಿದರು. ಶರ್ಕರಮಾಪಕದ ಅಂಕಿಯನ್ನು ನಂಬಿ ಇನ್ಸುಲಿನ್ ಪಂಪು ತಾನಾಗಿಯೇ ಔಷಧವನ್ನು ಸುರಿಸುವ ಏರ್ಪಾಡುಗಳು ಈಗ ಬಳಕೆಯಲ್ಲಿವೆ. ಅಲ್ಲಿ ತಪ್ಪು ಅಂಕಿ ಎಂದರೆ ತಪ್ಪು ಪ್ರಮಾಣದ ಔಷಧ. ಸಂದೇಶವನ್ನು ಗೂಢಲಿಪಿಯಲ್ಲಿ ಕಳುಹಿಸುವುದಕ್ಕೂ, ಕೇಳುವವನು ಸರಿಯಾದವನೇ ಎಂದು ಪರೀಕ್ಷಿಸುವುದಕ್ಕೂ ಶಕ್ತಿ ಖರ್ಚಾಗುತ್ತದೆ. ಮೈಕ್ರೋವ್ಯಾಟುಗಳನ್ನು ಉಳಿಸುವ ಆತುರದಲ್ಲಿ ಈ ಖರ್ಚನ್ನು ಕಡಿಯುವುದು ಬಾಗಿಲಿನ ಚಿಲಕವನ್ನು ಮಾರಿ ದೀಪಕ್ಕೆ ಎಣ್ಣೆ ಕೊಂಡಂತೆ ಆದೀತು.

೮. ಉಪಸಂಹಾರ

ಭಾರತದಲ್ಲಿ ೧೦ ಕೋಟಿ ೧೦ ಲಕ್ಷ ಮಂದಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿದೆ. ಇವರೆಲ್ಲರಿಗೂ ಒಳಗೆ ಹುದುಗಿಸುವ ಮಾಪಕ ಬೇಕೆಂದು ಹೇಳುವುದು ಸರಿಯಲ್ಲ. ಅನೇಕರಿಗೆ ಪಥ್ಯ, ವ್ಯಾಯಾಮ, ಗುಳಿಗೆ, ಆಗೊಮ್ಮೆ ಈಗೊಮ್ಮೆ ರಕ್ತಪರೀಕ್ಷೆ ಇಷ್ಟೇ ಸಾಕು. ಆದರೆ ಇನ್ಸುಲಿನನ್ನೇ ನಂಬಿ ಬದುಕುವವರಿಗೆ, ಅದರಲ್ಲಿಯೂ ಶರ್ಕರ ಇಳಿದುದರ ಮುನ್ಸೂಚನೆಯೇ ಮೈಗೆ ತಿಳಿಯದಂತಾಗಿರುವವರಿಗೆ, ಇದು ಸೌಕರ್ಯದ ವಸ್ತುವಲ್ಲ, ರಾತ್ರಿಯ ಕಾವಲುಗಾರ. ಕಾವಲುಗಾರನು ಎಷ್ಟು ಕಡಮೆ ಉಣ್ಣುತ್ತಾನೆಂಬುದು ಮುಖ್ಯವೇ. ಕೂಗಬೇಕಾದ ಗಳಿಗೆಯಲ್ಲಿ ಕೂಗುತ್ತಾನೆಯೇ ಎಂಬುದು ಅದಕ್ಕಿಂತ ಮುಖ್ಯ.

ಈ ವಿಷಯವು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂಬ ಗೋಡೆಗಳನ್ನು ಲೆಕ್ಕಿಸುವುದಿಲ್ಲವೆಂಬುದು ವಾಚಕರಿಗೆ ಮನದಟ್ಟಾಗಿರಬಹುದು. ಇದರ ಒಂದಂಶವನ್ನಾದರೂ ಕಾಲೇಜಿನ ಪ್ರಯೋಗಶಾಲೆಯಲ್ಲಿ ತೋರಿಸುವುದು ಕಷ್ಟವಲ್ಲ. ತಾಮ್ರದ ತಂತಿಯ ಎರಡು ಸುರುಳಿಗಳನ್ನು ಸುತ್ತಿ, ಒಂದಕ್ಕೆ ಆಂದೋಲಕವನ್ನೂ ಇನ್ನೊಂದಕ್ಕೆ ಸಣ್ಣ ಎಲ್‌ಇಡಿ ದೀಪವನ್ನೂ ಜೋಡಿಸಿ, ನಡುವೆ ಉಪ್ಪುನೀರಿನ ತೆಳುವಾದ ಪ್ಲಾಸ್ಟಿಕ್ ಪೆಟ್ಟಿಗೆಯನ್ನಿಟ್ಟು ನೋಡಬಹುದು. ಆವೃತ್ತಿ ಕಡಮೆಯಿದ್ದಾಗ ಉಪ್ಪುನೀರು ಅಷ್ಟಾಗಿ ಅಡ್ಡಿಮಾಡದು. ಸುರುಳಿಗಳ ದೂರವನ್ನು ಸ್ವಲ್ಪ ಹೆಚ್ಚಿಸಿದರೆ ಮಾತ್ರ ದೀಪ ಬೇಗನೆ ಮಂಕಾಗುವುದು. ಆ ಮಂಕಾಗುವ ಬೆಳಕಿನಲ್ಲಿ ಘನವಿಲೋಮದ ನಿಯಮವನ್ನೂ, ತೋಳಿನ ಮೇಲಿನ ಪ್ರೇಷಕ ಸರಿದ ರೋಗಿಯ ಸಂಕಟವನ್ನೂ ವಿದ್ಯಾರ್ಥಿ ಒಟ್ಟಿಗೆ ಕಂಡನೆಂದರೆ ಪಾಠವು ಸಾರ್ಥಕವಾಯಿತೆನ್ನಬಹುದು.